ಒಂದು ಪೆಟ್ಟು ಹೆಚ್ಚು

ನಿನ್ನೆಯ ಟೈಕೊ ಅಭ್ಯಾಸದಲ್ಲಿ ಎಲ್ಲರ ಕೋಲುಗಳೂ ಏಕಕಾಲಕ್ಕೆ ನಿಂತ ಮೇಲೆ ನನ್ನ ಎಡಬದಿಯಿಂದ ಒಂಟಿಯಾಗಿ ಹೊರಟ ಆ ‘ಡೊನ್’ ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ವಾರವಿಡೀ ಕಂಪ್ಯೂಟರಿನ ಮುಂದೆ ಬೆನ್ನು ಬಗ್ಗಿಸಿದ ನಮ್ಮಂಥವರು ಭಾನುವಾರ ಅಮೆರಿಕದ ಸ್ಯಾನ್ ಹೋಸೆಯ ಸಮುದಾಯ ಭವನವೊಂದರಲ್ಲಿ ಜಪಾನಿ ಡೋಲು ಬಾರಿಸುವುದು ಮನಶ್ಶಾಂತಿಗಾಗಿ ಎಂದು ಮನೆಯಲ್ಲಿ ಹೇಳಿರುತ್ತೇವೆ. ಮನೆಯವರು ನಂಬಿದ್ದಾರೆ ಎಂದೇನೂ ಅಲ್ಲ.

ಡೋಲು ಎಂದೆನಾದರೂ ನಮ್ಮ ಪಾಲಿಗೆ ಬರುವುದು ಹಳೆಯ ಕಾರಿನ ಟೈರು. ಅದರ ಬಾಯಿಗೆ ಪ್ಯಾಕಿಂಗ್ ಟೇಪನ್ನು ಅಡ್ಡಡ್ಡ ಬಿಗಿದಿರುತ್ತಾರೆ. ಕೆಯಾಕಿ ಮರದ ಒಂದೇ ದಿಮ್ಮಿಯನ್ನು ಕೊರೆದು ಮಾಡುವ ಜಪಾನಿನ ಡೋಲಿನ ಬೆಲೆ ಕೇಳಿದವರಿಗೆ ಟೈರಿನ ಮೇಲೆ ತಾನಾಗಿಯೇ ಗೌರವ ಮೂಡುತ್ತದೆ. ಅಮೆರಿಕದ ತಂಡಗಳು ಮೊದಲಿನಿಂದಲೂ ವೈನ್ ಪೀಪಾಯಿಗಳಿಗೆ ಚರ್ಮ ಬಿಗಿದು ಕೆಲಸ ಸಾಗಿಸಿವೆ. ನಮ್ಮ ಬಳಿಯೂ ಅಂಥವು ಕೆಲವಿದ್ದು, ಒಂದು ಕಾಯಂ ಆಗಿ ನನ್ನ ಎಡಬದಿಯ ಮಹನೀಯರದು, ಏಕೆಂದರೆ ಅವನ್ನು ಸಾಗಿಸುವ ವ್ಯಾನು ಅವರದು.

ಈ ವಿದ್ಯೆಯಲ್ಲಿ ಪಾಠವೆಲ್ಲ ಬಾಯಲ್ಲೇ ನಡೆಯುತ್ತದೆ. ಚರ್ಮದ ನಡುವೆ ಪೆಟ್ಟು ಬಿದ್ದರೆ ‘ಡೊನ್’, ಬೇಗಬೇಗ ಎರಡು ಬಿದ್ದರೆ ‘ಡೊಕೊ’, ಅಂಚಿಗೆ ಬಿದ್ದರೆ ‘ಕಾ’, ಬಾರಿಸದೆ ಬಿಡಬೇಕಾದಲ್ಲಿ ‘ಸು’. ‘ಸು’ ಬಂದಿತೆಂದರೆ ಎಲ್ಲರೂ ತಮಗಾಗಿ ದಾರಿ ಬಿಟ್ಟಿದ್ದಾರೆಂದು ಈ ಮಹನೀಯರು ಭಾವಿಸಿ ಕೈ ಬೀಸಿಬಿಡುತ್ತಾರೆ ಮತ್ತು ಮರುಕ್ಷಣ ಗಟ್ಟಿಯಾಗಿ ‘ಸಾರಿ’ ಎನ್ನುತ್ತಾರೆ. ಆ ‘ಸಾರಿ’ ಮುಂದಿನ ಪೆಟ್ಟಿನ ಮೇಲೆಯೇ ಬಂದು ಕೂರುವುದರಿಂದ ಆ ಪೆಟ್ಟು ತಪ್ಪುತ್ತದೆ, ತಪ್ಪಿದ್ದಕ್ಕೆ ಇನ್ನೊಂದು ‘ಸಾರಿ’ ಬರುತ್ತದೆ. ಹೀಗೆ ಸಾಲ ತೀರಿಸಲು ಸಾಲ ಮಾಡುವವರಂತೆ ಅವರು ಕೊನೆಯವರೆಗೂ ಸಾಗುತ್ತಾರೆ. ಹಲವು ಡೋಲುಗಳನ್ನು ಒಂದುಗೂಡಿಸಿ ತಂಡವಾಗಿ ಬಾರಿಸುವ ಇಂದಿನ ಪದ್ಧತಿಯನ್ನು 1951ರಲ್ಲಿ ಜಪಾನಿನ ನಾಗಾನೋದ ಜಾಸ್ ಡ್ರಮ್ಮರ್ ಡೈಹಾಚಿ ಒಗುಚಿ ಆರಂಭಿಸದೆ ಇದ್ದಿದ್ದರೆ, ಇವರು ಒಬ್ಬರೇ ಬಾರಿಸಿಕೊಂಡು ತಮ್ಮದೇ ಸರಿಯೆಂದು ನೆಮ್ಮದಿಯಿಂದ ಇರುತ್ತಿದ್ದರು, ನಾನೂ ಇರುತ್ತಿದ್ದೆ.

ನಮ್ಮ ಗುರುಗಳಾದ ಹಿರಿಯ ಮಹಿಳೆ ಈ ಮಹನೀಯರಿಗೆ ಒಂದು ಮಾತೂ ಅನ್ನುವುದಿಲ್ಲ. ನಿನ್ನೆ ವಿರಾಮದಲ್ಲಿ, ಟೈರಿನಿಂದ ಎದ್ದ ಟೇಪನ್ನು ಹೆಬ್ಬೆರಳಿನಿಂದ ಒತ್ತುತ್ತ, ಗುರುಗಳು ತಮ್ಮ ತಾಯಿಯ ಮಾತು ತೆಗೆದರು. ಎರಡನೇ ಮಹಾಯುದ್ಧದ ವೇಳೆ, 1942ರಿಂದ, ಅಮೆರಿಕ ಸರ್ಕಾರ ಬಂಧನ ಶಿಬಿರಗಳಿಗೆ ಅಟ್ಟಿದ ಸುಮಾರು 1,20,000 ಜಪಾನಿ ಮೂಲದವರಲ್ಲಿ ಅವರ ತಾಯಿಯೂ ಒಬ್ಬರು. ಮೆತ್ತಗೆ ಮಾತಾಡು, ಯಾರ ಕಣ್ಣಿಗೂ ಬೀಳಬೇಡ ಎಂದೇ ಮಕ್ಕಳನ್ನು ಬೆಳೆಸಿದ ಆ ತಾಯಿ, ಮಗಳು ಮೊದಲ ಸಲ ಡೋಲು ಬಾರಿಸಿದಾಗ ಎರಡೂ ಕಿವಿ ಮುಚ್ಚಿಕೊಂಡು ನಕ್ಕಿದ್ದರಂತೆ. ಅಂಥ ಮನೆಗಳ ಮಕ್ಕಳೇ ಸೇರಿ 1973ರಲ್ಲಿ ಈ ಊರಿನಲ್ಲಿ ‘ಸ್ಯಾನ್ ಹೋಸೆ ಟೈಕೊ’ ತಂಡ ಕಟ್ಟಿದ್ದು. ಇದನ್ನು ಕೇಳಿದ ಮೇಲೆ ಸದ್ದಿನ ಬಗ್ಗೆ ದೂರುವ ಮನಸ್ಸಾಗದೆ ನನ್ನ ಸಿಟ್ಟು ವಿರಾಮ ಮುಗಿಯುವವರೆಗೂ ತಣ್ಣಗಿತ್ತು.

ವಿರಾಮ ಮುಗಿಯಿತು, ‘ಸು’ ಬಂದಿತು, ಎಡಬದಿಯ ಮಹನೀಯರೂ ಬಂದರು. ಹೊಸದಾಗಿ ಸೇರಿದ ಹುಡುಗನೊಬ್ಬ ಪಾಠವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಇಳಿಸಿಕೊಳ್ಳುತ್ತಿದ್ದುದನ್ನು ಇಣುಕಿ ನೋಡಿದರೆ, ‘ಡೊನ್ ಡೊಕೊ ಡೊನ್ ಕಾ, ಡೊನ್, ಸಾರಿ’ ಎಂದಿತ್ತು. ಟೈಕೊದಲ್ಲಿ ನಡುನಡುವೆ ಹುರುಪಿನಿಂದ ಕೂಗುವ ಪದ್ಧತಿ ಇರುವುದರಿಂದ ಅವನ ಅನುಮಾನವೂ ನ್ಯಾಯವಾದದ್ದೇ. ಈ ‘ಸಾರಿ’ಯನ್ನು ಎಲ್ಲರೂ ಒಟ್ಟಾಗಿ ಕೂಗಬೇಕೇ ಎಂದು ಅವನು ಬಹಳ ವಿನಯದಿಂದ ಕೇಳಿದ. ಸದ್ಯಕ್ಕೆ ಅದು ವ್ಯಾನ್ ಇರುವವರಿಗೆ ಮಾತ್ರ ಎಂದು ತಿಳಿಸಿದೆ.