ಗಣಿಯ ಒಳಗೆ ಹೋದ ರಾಕಿ, ಗಣಿಯ ಮೇಲೆ ನಿಂತ ರಾಕಿ

ಕೆಜಿಎಫ್ ಮೊದಲ ಭಾಗ ಚೆನ್ನಾಗಿದೆಯೋ ಎರಡನೆಯದು ಚೆನ್ನಾಗಿದೆಯೋ ಅನ್ನೋ ಜಗಳ ನಮ್ಮ ಬಂಗಾರಪೇಟೆ ಕಡೆ ಇನ್ನೂ ಮುಗಿದಿಲ್ಲ. ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ತುಂಬಿಕೊಂಡಿರುವ ಮಾರಿಕುಪ್ಪಂ ರೈಲಿನಲ್ಲಿ ಈಗಲೂ ಆಗಾಗ ಈ ಮಾತು ಏಳುತ್ತದೆ. ಜಾಸ್ತಿ ಜನ ಎರಡನೇ ಭಾಗದ ಕಡೆ. ನಾನು ಮೊದಲ ಭಾಗದ ಕಡೆ. ಯಾಕೆ ಅಂತ ಆ ನೂಕುನುಗ್ಗಲಿನಲ್ಲಿ ನಿಂತುಕೊಂಡು ಹೇಳೋಕೆ ಆಗಲ್ಲ, ಅದಕ್ಕೇ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ. ಎರಡೂ ಸಿನಿಮಾದ ಕತೆ ಪೂರ್ತಿ ಬರುತ್ತದೆ. ನೋಡಿಲ್ಲದವರು ನೋಡಿಕೊಂಡು ಬಂದು ಓದಿ.

ಮೊದಲ ಭಾಗ ಬಂದಿದ್ದು 2018ರ ಡಿಸೆಂಬರ್ 21ಕ್ಕೆ, ಎರಡನೆಯದು 2022ರ ಏಪ್ರಿಲ್ 14ಕ್ಕೆ. ನಿರ್ದೇಶನ ಪ್ರಶಾಂತ್ ನೀಲ್, ಸಂಗೀತ ರವಿ ಬಸ್ರೂರು, ಕ್ಯಾಮೆರಾ ಭುವನ್ ಗೌಡ, ಬಂಡವಾಳ ಹೊಂಬಾಳೆಯವರದು. ತಂಡ ಹೆಚ್ಚುಕಡಿಮೆ ಅದೇ. ಹೊಡೆದಾಟದ ಕೆಲಸದಲ್ಲೂ ಕೊರತೆ ಇಲ್ಲ, ಎರಡೂ ಸಿನಿಮಾಗೆ ಸಾಹಸ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಬಂದಿದೆ. ಆದರೂ ಎರಡನ್ನೂ ಒಂದರ ಹಿಂದೆ ಒಂದು ನೋಡಿದರೆ ಬೇರೆ ಬೇರೆ ಜನ ಮಾಡಿದ ಹಾಗೆ ಅನಿಸುತ್ತದೆ. ಮೊದಲನೆಯದರಲ್ಲಿ ಹೀರೋ ರಾಕಿ, ಅಂದರೆ ಯಶ್, ಗಣಿಯ ಒಳಗೆ ಹೋಗುತ್ತಾನೆ. ಎರಡನೆಯದರಲ್ಲಿ ಗಣಿಯ ಮೇಲೆ ನಿಲ್ಲುತ್ತಾನೆ. ಉಳಿದ ವ್ಯತ್ಯಾಸಗಳೆಲ್ಲ ಇದರಿಂದಲೇ ಹುಟ್ಟಿದವು ಅಂತ ನನ್ನ ನಂಬಿಕೆ.

ಮೊದಲ ಭಾಗದ ಎರಡನೇ ಅರ್ಧ ನೆನಪು ಮಾಡಿಕೊಳ್ಳಿ. ಗಣಿ ಒಡೆಯನ ಮಗ ಗರುಡನನ್ನು ಬೆಂಗಳೂರಿನಲ್ಲಿ ಮುಗಿಸೋಕೆ ಆಗಲಿಲ್ಲ. ರಾಕಿ ಕೂಲಿಗಳ ಜೊತೆ ಕೂಲಿಯಾಗಿ ನರಾಚಿ ಅನ್ನೋ ಆ ಗಣಿಗೆ ಹೋಗುತ್ತಾನೆ. ಅಲ್ಲಿಗೆ ಹೋದ ಮೇಲೆ ತುಂಬಾ ಹೊತ್ತು ಏನೂ ಮಾಡುವುದಿಲ್ಲ. ಒಂದು ಮಾಸ್ ಸಿನಿಮಾದಲ್ಲಿ, ಅದೂ ಯಶ್ ಇರುವ ಸಿನಿಮಾದಲ್ಲಿ, ಹೀರೋ ತಲೆ ತಗ್ಗಿಸಿಕೊಂಡು ಸುತ್ತಿಗೆ ಹಿಡಿದು ನಿಂತಿರುತ್ತಾನೆ. ಕಣ್ಣೆದುರೇ ಜನ ಸಾಯುತ್ತಾರೆ. ಅವನು ಕದಲುವುದಿಲ್ಲ. ಕಾವಲುಗಾರರು ಎಲ್ಲೆಲ್ಲಿ ನಿಲ್ಲುತ್ತಾರೆ, ದಾರಿ ಎಲ್ಲಿದೆ ಅಂತ ನೋಡುತ್ತಾ ಇರುತ್ತಾನೆ. ಹೊರಗೆ ಕಾಯುತ್ತಿರುವವರಿಗೇ ಅನುಮಾನ ಬರುತ್ತದೆ, ಇವನು ಏನಾದರೂ ಮಾಡುತ್ತಾನಾ ಇಲ್ಲವಾ ಅಂತ.

ಆಮೇಲೆ ಕಣ್ಣು ಕಾಣದ ಆ ಮುದುಕನ ಸರದಿ. ಕೆಲಸಕ್ಕೆ ಬಾರದವರನ್ನು ಬದುಕಲು ಬಿಡುವ ಜಾಗ ಅಲ್ಲ ಅದು. ಅಷ್ಟೂ ಹೊತ್ತು ಸುಮ್ನಿದ್ದ ರಾಕಿ ಅಲ್ಲಿ ಎದ್ದು ನಿಲ್ಲುತ್ತಾನೆ. ಆ ಫೈಟ್‌ನಲ್ಲಿ ದೊಡ್ಡ ಗನ್ ಇಲ್ಲ, ಕಾರುಗಳು ಹಾರುವುದಿಲ್ಲ. ಒಬ್ಬ ಮನುಷ್ಯ, ಕೈಗೆ ಸಿಕ್ಕಿದ್ದು, ಎದುರಿಗೆ ಕಾವಲುಗಾರರು. ಆದರೂ ಥಿಯೇಟರ್‌ನಲ್ಲಿ ಕಿವಿ ಕಿತ್ತುಹೋಗುವ ಹಾಗೆ ಶಿಳ್ಳೆ ಬಿತ್ತು. ಅಷ್ಟು ಹೊತ್ತು ಅವನ ಜೊತೆ ನಾವೂ ಹಲ್ಲು ಕಚ್ಚಿಕೊಂಡು ಕೂತಿದ್ದೆವು, ಅದು ಒಂದೇ ಸಲ ಹೊರಗೆ ಬಂತು. ಆಮೇಲೆ ಕ್ಯಾಮೆರಾ ಕೂಲಿಗಳ ಮುಖದ ಮೇಲೆ ಹೋಗುತ್ತದೆ. ಅಲ್ಲಿವರೆಗೂ ನೆಲ ನೋಡುತ್ತಿದ್ದವರು ತಲೆ ಎತ್ತಿ ಅವನನ್ನು ನೋಡುತ್ತಾರೆ. ನನ್ನ ಮಟ್ಟಿಗೆ ಇಡೀ ಸರಣಿಯ ಅತ್ಯುತ್ತಮ ಆಕ್ಷನ್ ದೃಶ್ಯ ಇದೇ.

ಎರಡನೇ ಭಾಗದ ದೊಡ್ಡಮ್ಮ ಅನ್ನೋ ಗನ್ನಿನ ದೃಶ್ಯವನ್ನು ಇದರ ಪಕ್ಕ ಇಟ್ಟು ನೋಡಿ. ಪೊಲೀಸರು ಹಿಡಿದಿಟ್ಟ ಒಂದು ಚಿನ್ನದ ತುಂಡಿಗಾಗಿ ರಾಕಿ ಅಷ್ಟು ದೊಡ್ಡ ಗನ್ ಹಿಡಿದು ಇಡೀ ಠಾಣೆಯನ್ನು ಪುಡಿ ಮಾಡುತ್ತಾನೆ. ಕೆಂಪಗೆ ಕಾದ ನಳಿಕೆಯಲ್ಲಿ ಸಿಗರೇಟ್ ಹಚ್ಚಿಕೊಳ್ಳುತ್ತಾನೆ. ನೋಡೋಕೆ ಭರ್ಜರಿ. ನಾನೂ ಕೂಗಿದ್ದೇನೆ. ಆದರೆ ಆ ದೃಶ್ಯದಲ್ಲಿ ಯಾರಿಗೆ ಏನಾಗಬಹುದು ಅನ್ನೋ ಭಯ ಇತ್ತು ಹೇಳಿ? ರಾಕಿಗೆ ಅಲ್ಲಿ ಏನೂ ಆಗಲ್ಲ ಅಂತ ಮೊದಲೇ ಗೊತ್ತು. ಯಾರನ್ನೋ ಉಳಿಸುವುದಕ್ಕೆ ಹೋದವನೂ ಅಲ್ಲ. ಗಟ್ಟಿ ಸದ್ದು, ಒಳ್ಳೆ ಬೆಳಕು, ಒಳ್ಳೆ ಸ್ಟೈಲ್, ಅಷ್ಟೇ. ಮನೆಗೆ ಬಂದ ಮೇಲೆ ಗನ್ ನೆನಪಿತ್ತು, ಎದೆ ಬಡಿತ ನೆನಪಿರಲಿಲ್ಲ.

ಮೊದಲ ಭಾಗದ ವಿಲನ್ ಗರುಡ ಮತ್ತು ಎರಡನೇ ಭಾಗದ ವಿಲನ್ ಅಧೀರನ ವಿಷಯವೂ ಹೀಗೇ. ಗರುಡ ಮಾಡಿದ ರಾಮಚಂದ್ರ ರಾಜು ಅವರಿಗೆ ಅದು ಮೊದಲ ಸಿನಿಮಾ, ಅದಕ್ಕೂ ಮುಂಚೆ ಯಶ್ ಅವರ ಅಂಗರಕ್ಷಕರಾಗಿದ್ದವರು. ಗರುಡ ಮಾತಾಡುವುದೇ ಕಡಿಮೆ. ಅವನು ಬರುವ ಮೊದಲೇ ಸುತ್ತಲಿನವರು ಉಸಿರು ಹಿಡಿದು ನಿಲ್ಲುತ್ತಾರೆ, ಅದನ್ನು ನೋಡಿಯೇ ನಮಗೆ ಭಯ. ಸಂಜಯ್ ದತ್ ದೊಡ್ಡ ನಟ, ಅಧೀರನ ಆಕಾರವೂ ಜಬರ್ದಸ್ತ್. ಆದರೆ ಅಧೀರ ಬಂದ ಕೂಡಲೇ ಕತ್ತಿ, ಗರ್ಜನೆ, ಹಿನ್ನೆಲೆ ಸಂಗೀತ ಎಲ್ಲ ಒಟ್ಟಿಗೆ ಬರುತ್ತವೆ. ಅವನು ಎಷ್ಟು ಭಯಂಕರ ಅಂತ ಸಿನಿಮಾ ಪದೇ ಪದೇ ಹೇಳುತ್ತದೆ. ಗರುಡನ ಬಗ್ಗೆ ಯಾರೂ ಹೇಳಬೇಕಾಗಿರಲಿಲ್ಲ. ಅದಕ್ಕೇ ಬಲಿ ಕೊಡುವ ಜಾಗದಲ್ಲಿ ರಾಕಿ ಎದ್ದು ಗರುಡನ ತಲೆ ತೆಗೆದಾಗ ಅಷ್ಟು ತೃಪ್ತಿ ಆಯಿತು. ಅಧೀರ ಸತ್ತಾಗ, ಸರಿ, ಇನ್ನು ಮುಂದೇನು ಅನಿಸಿತು.

ನಮ್ಮ ಬೀದಿಯಲ್ಲಿ ಕೋಲಾರದ ಚಿನ್ನದ ಗಣಿಗಳಲ್ಲೊಂದಾದ ಚಾಂಪಿಯನ್ ರೀಫ್‌ನಲ್ಲಿ ಕೆಲಸ ಮಾಡಿದ ತಾತ ಒಬ್ಬರಿದ್ದಾರೆ. ಮನೆಮಾತು ತಮಿಳು, ನಮ್ಮ ಜೊತೆ ಕನ್ನಡ. ಟಿವಿಯಲ್ಲಿ ಮೊದಲ ಭಾಗ ಬಂದಾಗ ಅವರ ಪಕ್ಕ ಕೂತು ನೋಡಿದ್ದೇನೆ. ಗುಲಾಮರು, ಬಂದೂಕು, ಕಾಳಿ ಮುಂದೆ ಬಲಿ ಎಲ್ಲ ನೋಡಿ, "ಹಿಂಗೆಲ್ಲ ಇರಲಿಲ್ಲಪ್ಪಾ ನಮ್ಮಲ್ಲಿ. ಶಿಫ್ಟ್ ಇತ್ತು, ಸಂಬಳ ಇತ್ತು, ಯೂನಿಯನ್ ಇತ್ತು" ಅಂದರು. ಸ್ವಲ್ಪ ಹೊತ್ತು ಬಿಟ್ಟು, ಸಾಲಾಗಿ ಕೆಳಗೆ ಇಳಿಯುವ ಕೂಲಿಗಳನ್ನು ತೋರಿಸಿ, "ಆ ಮುಖದ ಮೇಲಿನ ಧೂಳು ಮಾತ್ರ ನಿಜ ಕಣಪ್ಪಾ" ಅಂದರು. ಎರಡನೇ ಭಾಗವನ್ನೂ ನೋಡಿದರು. ಇಂಟರ್ವಲ್ ಹೊತ್ತಿಗೆ ನನ್ನ ಕಡೆ ತಿರುಗಿ ಕೇಳಿದರು: "ಗಣಿ ಎಲ್ಲಪ್ಪಾ ಇದ್ರಲ್ಲಿ?"

ಇತಿಹಾಸಕ್ಕೆ ಸರಿಯಾಗಿಲ್ಲ ಅನ್ನೋದು ನನ್ನ ತಕರಾರಲ್ಲ. ನರಾಚಿ ಕಟ್ಟುಕತೆ ಅಂತ ನಮಗೆಲ್ಲ ಗೊತ್ತು. ಸಿನಿಮಾದ ಕತೆ ನಡೆಯುವ 1978ರಿಂದ 1981ರ ಹೊತ್ತಿಗೆ ನಿಜವಾದ ಗಣಿ ಕೇಂದ್ರ ಸರ್ಕಾರದ ಕಂಪನಿ ಬಿಜಿಎಂಎಲ್ ಕೈಯಲ್ಲಿತ್ತು. ಅಧೀರನೂ ಇರಲಿಲ್ಲ, ಗರುಡನೂ ಇರಲಿಲ್ಲ. ಆದರೆ ನೆಲದೊಳಗೆ ಸುಮಾರು 3,200 ಮೀಟರ್ ಇಳಿಯುವ ಗಣಿ ಇತ್ತು. ಅಷ್ಟು ಆಳದಲ್ಲಿ ಕಲ್ಲೇ ಬಿಸಿ. ಮೇಲಿನ ಒತ್ತಡಕ್ಕೆ ಬಂಡೆ ಸಿಡಿದು ಜನ ಸಾಯುತ್ತಿದ್ದರು. ಧೂಳು ಕುಡಿದು ಕುಡಿದು ಶ್ವಾಸಕೋಶ ಕಲ್ಲಾಗುವ ಸಿಲಿಕೋಸಿಸ್ ಎಷ್ಟೋ ಮನೆಗಳಿಗೆ ಬಂದಿತ್ತು. ಇದು ಯಾವುದನ್ನೂ ಮೊದಲ ಭಾಗ ಹೆಸರಿಟ್ಟು ಹೇಳುವುದಿಲ್ಲ. ಆದರೆ ಚಿನ್ನ ತೆಗೆದು ಬಿಸಾಡಿದ ಮಣ್ಣಿನ ರಾಶಿಯಾದ ನಮ್ಮ ಸೈನೈಡ್ ದಿಬ್ಬದ ಮೇಲೆಯೇ ಸೆಟ್ ಹಾಕಿ, ಆ ಮಣ್ಣನ್ನೇ ಜನರ ಮೈಗೆ ಮೆತ್ತಿ ತೆಗೆದ ಸಿನಿಮಾ ಅದು. ಗಾಳಿ ಬೀಸಿದರೆ ಆ ದಿಬ್ಬದ ಪುಡಿ ಹೇಗೆ ಕಣ್ಣಿಗೆ, ಬಾಯಿಗೆ, ಒಗೆದು ಹಾಕಿದ ಬಟ್ಟೆಗೆ ಬಂದು ಕೂರುತ್ತದೆ ಅಂತ ಇಲ್ಲಿಯವರಿಗೆ ಗೊತ್ತು. ಪರದೆ ಮೇಲೆ ಅದನ್ನು ನೋಡಿದಾಗ ನಮ್ಮದೇ ಅನಿಸಿತು. ಗಣಿಗೆ ಇಳಿಯುವುದು ಅಂದರೆ ಏನು ಅನ್ನೋ ಭಯ ಆ ಸಿನಿಮಾದಲ್ಲಿತ್ತು.

ಎರಡನೇ ಭಾಗದಲ್ಲಿ ರಾಕಿ ಧಣಿ. ದುಬೈಗೆ ಹೋಗುತ್ತಾನೆ, ದೆಹಲಿಗೆ ಹೋಗುತ್ತಾನೆ, ಸಂಸತ್ತಿನೊಳಗೆ ನುಗ್ಗಿ ರಾಜಕಾರಣಿ ಗುರು ಪಾಂಡಿಯನ್‌ನನ್ನು ಕೊಲ್ಲುತ್ತಾನೆ. ನರಾಚಿಯ ಜನ ಹಿಂದೆ ನಿಂತು ಜೈಕಾರ ಹಾಕುವ ಗುಂಪಾಗುತ್ತಾರೆ. ಮೊದಲ ಭಾಗದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕತೆ ಹೇಳುವ ಆ ಹುಚ್ಚ, ಆ ಕುರುಡು ತಾತ, ಮಗುವನ್ನು ಅವಚಿಕೊಂಡ ತಾಯಂದಿರು ನೆನಪಿದ್ದಾರೆ. ಎರಡನೆಯದರಲ್ಲಿ ನರಾಚಿಯಲ್ಲಿ ಹೊಸದಾಗಿ ಕಂಡ ಒಂದು ಮುಖ ಹೇಳಿ ಅಂದರೆ ನಮ್ಮ ರೈಲಿನ ಗೆಳೆಯರು ತಡಕಾಡುತ್ತಾರೆ.

ಇದು ನಮ್ಮವರೊಬ್ಬರ ಸಮಸ್ಯೆಯೇನಲ್ಲ. ಬ್ರೂಸ್ ವಿಲ್ಲಿಸ್‌ನ ಡೈ ಹಾರ್ಡ್ ನೋಡಿದವರು ಇದ್ದೀರಾ? 1988ರ ಮೊದಲ ಸಿನಿಮಾದಲ್ಲಿ ಆ ಪೊಲೀಸಪ್ಪನಿಗೆ ಕಾಲಲ್ಲಿ ಚಪ್ಪಲಿಯೂ ಇಲ್ಲ. ಒಡೆದ ಗಾಜಿನ ಮೇಲೆ ನಡೆದು, ರಕ್ತ ಸುರಿಸುತ್ತಾ ಬಚ್ಚಲಲ್ಲಿ ಕೂತು ಚೂರು ಕೀಳುತ್ತಾನೆ. 2007ರ ನಾಲ್ಕನೇ ಭಾಗಕ್ಕೆ ಬರುವಷ್ಟರಲ್ಲಿ ಅದೇ ಮನುಷ್ಯ ಕಾರು ಹಾರಿಸಿ ಹೆಲಿಕಾಪ್ಟರ್ ಹೊಡೆದುರುಳಿಸುತ್ತಾನೆ. ಯಾವುದು ನೋಡುವಾಗ ನಿಮ್ಮ ಕಾಲಿನ ಬೆರಳು ಮುದುಡಿದವು? ಮುಂದಿನ ಭಾಗ ಚೆನ್ನಾಗಿ ಬಂದ ಉದಾಹರಣೆಯೂ ಇದೆ. 1984ರ ಟರ್ಮಿನೇಟರ್‌ಗಿಂತ 1991ರ ಎರಡನೆಯದನ್ನು ಮೆಚ್ಚುವವರೇ ಜಾಸ್ತಿ. ಅದರಲ್ಲೂ ದುಡ್ಡು ಜಾಸ್ತಿ, ಸ್ಫೋಟ ಜಾಸ್ತಿ. ಆದರೆ ಜೇಮ್ಸ್ ಕ್ಯಾಮರೂನ್ ಅಷ್ಟಕ್ಕೇ ನಿಲ್ಲಿಸಲಿಲ್ಲ. ಮೊದಲು ಹೆದರಿ ಓಡುತ್ತಿದ್ದ ಸಾರಾ ಅನ್ನೋ ಹುಡುಗಿ ಈ ಸಲ ಗಟ್ಟಿಗಿತ್ತಿ ತಾಯಿ. ಕೊಲ್ಲಲು ಬಂದಿದ್ದ ಯಂತ್ರದ ರೂಪದಲ್ಲೇ ಈ ಸಲ ಮಗನನ್ನು ಕಾಯುವ ಯಂತ್ರ ಬರುತ್ತದೆ. ಅವಳು ಅದನ್ನು ಹೇಗೆ ನಂಬಬೇಕು? ಆ ಕಷ್ಟ ಇರುವುದರಿಂದಲೇ ಪ್ರತಿ ಗುಂಡಿಗೂ ಬೆಲೆ ಇದೆ. ರಾಕಿ ಎರಡನೇ ಭಾಗದಲ್ಲಿ ಹಾಗೆ ಬದಲಾಗಲಿಲ್ಲ. ಮೊದಲ ಭಾಗದ ಕೊನೆಯಲ್ಲಿ ಎಷ್ಟು ಎತ್ತರದಲ್ಲಿದ್ದನೋ ಅಲ್ಲಿಂದ ಇನ್ನೂ ಎತ್ತರಕ್ಕೆ ಏರುತ್ತಾ ಹೋದ.

ನಾಯಕಿ ರೀನಾಳ ವಿಷಯದಲ್ಲಿ ಎರಡೂ ಸಿನಿಮಾ ಮೇಲೆ ನನಗೆ ಕೋಪ ಇದೆ. ಮೊದಲನೆಯದರಲ್ಲಿ ಅವಳ ಹಿಂದೆ ಬಿದ್ದು ಕಾಡಿದ್ದೇ ಪ್ರೀತಿ. ಎರಡನೆಯದರಲ್ಲಿ ಅವಳ ಇಷ್ಟ ಕೇಳದೆ ನರಾಚಿಯಲ್ಲಿ ಇಟ್ಟುಕೊಂಡಿದ್ದು, ಕೊನೆಗೆ ಹೀರೋಗೆ ಕೋಪ ಬರಲಿ ಅಂತ ಅವಳನ್ನು ಸಾಯಿಸಿದ್ದು. ತಾಯಿಯನ್ನು ಅಷ್ಟು ಎತ್ತರದಲ್ಲಿಟ್ಟು ಬರೆದವರು ಈ ಹುಡುಗಿಗೆ ಒಂದು ಮನಸ್ಸು ಕೊಡಬಹುದಿತ್ತು.

ಎರಡನೇ ಭಾಗದಲ್ಲಿ ಮೆಚ್ಚುವಂಥದ್ದು ಇಲ್ಲ ಅಂತಲ್ಲ. ಪರದೆ ಕಪ್ಪಾಗಿ ಮತ್ತೆ ಬೆಳಕಾಗುತ್ತಾ ಸಾಗುವ ಕಾರಿನ ಚೇಸ್ ಅನ್ನು ನಾನು ಎಷ್ಟು ಸಲ ಬೇಕಾದರೂ ನೋಡುತ್ತೇನೆ. ಸಂಕಲನ ಮಾಡಿದ ಉಜ್ವಲ್ ಕುಲಕರ್ಣಿ ಆಗ ಇಪ್ಪತ್ತರ ಆಸುಪಾಸಿನ ಹುಡುಗ. ರವೀನಾ ಟಂಡನ್ ಮಾಡಿದ ಪ್ರಧಾನಿ ರಮಿಕಾ ಸೇನ್ ಪಾತ್ರಕ್ಕೆ ಒಂದು ತೂಕ ಇದೆ, ಅವರ ಎದುರು ಮಾತ್ರ ರಾಕಿ ಸ್ವಲ್ಪ ಚಿಕ್ಕವನಾಗಿ ಕಾಣುತ್ತಾನೆ. ಮತ್ತೆ ಆ ಕ್ಲೈಮ್ಯಾಕ್ಸ್. ಅಷ್ಟು ಚಿನ್ನವನ್ನು ಹಡಗಿಗೆ ಹೇರಿ, ತಾಯಿಗೆ ಕೊಟ್ಟ ಮಾತಿನ ಜೊತೆ ಸಮುದ್ರಕ್ಕೆ ಇಳಿಯುವುದು. ಅಲ್ಲಿ ರಾಕಿ ಮತ್ತೆ ಕೆಳಗೆ ಹೋಗುತ್ತಾನೆ, ಮತ್ತೆ ನನ್ನ ಗಂಟಲು ಕಟ್ಟಿತು. ಆ ಕೊನೆಯ ಕೆಲವು ನಿಮಿಷ ಮಾತ್ರ ಮೊದಲ ಭಾಗಕ್ಕಿಂತಲೂ ಮುಂದೆ.

ಎರಡನೇ ಭಾಗದಲ್ಲಿ ಕತೆ ಹೇಳೋಕೆ ಅನಂತ್ ನಾಗ್ ಇಲ್ಲದ್ದು ದೊಡ್ಡ ನಷ್ಟ. ಪ್ರಕಾಶ್ ರಾಜ್ ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಅನಂತ್ ನಾಗ್ ಕತೆ ಹೇಳುವಾಗ ಇದೆಲ್ಲ ನಡೆದದ್ದೇ ಇರಬೇಕು ಅನ್ನೋ ನಂಬಿಕೆ ಬರುತ್ತಿತ್ತು. ಆ ದನಿಯಲ್ಲಿ ಅವಸರ ಇರಲಿಲ್ಲ, ಮೊದಲ ಭಾಗದ ಹಾಗೆಯೇ.

ಮೂರನೇ ಭಾಗದ ಸುಳಿವನ್ನು ಎರಡನೆಯದರ ಕೊನೆಯಲ್ಲೇ ಕೊಟ್ಟಿದ್ದಾರೆ. ರಾಕಿ ಬೇರೆ ದೇಶಗಳಲ್ಲಿ ಏನೇನು ಮಾಡಿದ ಅನ್ನೋ ಕಡೆಗೆ ಹೋಗುವ ಹಾಗಿದೆ. ಇನ್ನೂ ದೊಡ್ಡ ಗನ್, ಇನ್ನೂ ದೂರದ ಊರು. ನನಗೆ ಅದು ಬೇಡ. ನಮಗೆ ನರಾಚಿಯ ಜನರ ಮುಂದಿನ ಕತೆ ಬೇಕು. ಧಣಿ ಮುಳುಗಿದ, ಚಿನ್ನ ಮುಳುಗಿತು. ಬೇರೆ ಕೆಲಸವೇ ಗೊತ್ತಿಲ್ಲದ ಅಷ್ಟು ಜನ ಏನು ಮಾಡಿದರು? ಇದಕ್ಕೆ ಉತ್ತರ ನಮ್ಮೂರಿನ ಹತ್ತಿರ ಇದೆ. 2001ರ ಫೆಬ್ರವರಿ 28ಕ್ಕೆ ನಿಜವಾದ ಗಣಿ ಮುಚ್ಚಿತು. ಅಪ್ಪ, ತಾತ ನೆಲದೊಳಗೆ ಇಳಿಯುತ್ತಿದ್ದ ಮನೆಗಳ ಮಕ್ಕಳು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಹೋದರು, ಈಗಲೂ ಹೋಗುತ್ತಿದ್ದಾರೆ. ಇಲ್ಲಿ ಆಕ್ಷನ್ ಎಲ್ಲಿದೆ ಅಂತೀರಾ? ಮುಚ್ಚಿದ ಗಣಿ, ಅದರ ಮೇಲೆ ಕಣ್ಣಿಟ್ಟ ಹೊಸ ಧಣಿಗಳು, ಖಾಲಿ ಮಾಡಿ ಅಂತ ಬಾಗಿಲಿಗೆ ಬರುವವರು, ಜಾಗ ಬಿಡದ ಜನ. ಇದರಲ್ಲಿ ಹೊಡೆದಾಟಕ್ಕೆ ಬೇಕಾದಷ್ಟು ಕಾರಣ ಇದೆ. ಕುರುಡು ತಾತನ ಮೊಮ್ಮಗನನ್ನೋ ಮೊಮ್ಮಗಳನ್ನೋ ಮುಂದೆ ನಿಲ್ಲಿಸಿ ಮಾಡಲಿ.

ಯಶ್ ಇಲ್ಲದೆ ಯಾರು ನೋಡ್ತಾರೆ ಅಂತ ರೈಲಿನಲ್ಲಿ ಕೇಳಿದರು. 2018ರಲ್ಲಿ ಮೊದಲ ಭಾಗ ಐದು ಭಾಷೆಯಲ್ಲಿ ಬಂದಾಗ ಉತ್ತರದ ಕಡೆ ಎಷ್ಟು ಜನಕ್ಕೆ ಯಶ್ ಗೊತ್ತಿತ್ತು? ಅದೇ ದಿನ ಶಾರುಖ್ ಖಾನ್ ಸಿನಿಮಾ ಬೇರೆ ಬಂದಿತ್ತು. ಆದರೂ ಜನ ಇದನ್ನು ಹುಡುಕಿಕೊಂಡು ಬಂದು ನೋಡಿದರು. ಅವತ್ತು ಅವರನ್ನು ಹಿಡಿದು ಕೂರಿಸಿದ್ದು ಧೂಳಿನಲ್ಲಿ ತಲೆ ತಗ್ಗಿಸಿ ನಿಂತಿದ್ದ ಆ ಕೂಲಿಗಳ ಕತೆ. ಅದು ಇನ್ನೂ ಅರ್ಧಕ್ಕೇ ನಿಂತಿದೆ.