ರೈಲೇ ಬಾರದ ರೈಲು ನಿಲ್ದಾಣ

ಅಮೆರಿಕದ ಡೆಟ್ರಾಯಿಟ್‌ನ ಸುದ್ದಿ ಓದಿದಾಗೆಲ್ಲ ಮೈ ಉರಿಯುತ್ತೆ ಮಾರಾಯ್ರೆ. 1988ರಲ್ಲಿ ಕೊನೇ ರೈಲು ಹೊರಟ ಮೇಲೆ ಪಾಳುಬಿದ್ದಿದ್ದ ಮಿಷಿಗನ್ ಸೆಂಟ್ರಲ್ ನಿಲ್ದಾಣವನ್ನು 2024ರಲ್ಲಿ ಥಳಥಳ ಹೊಳೆಯೋ ಹಾಗೆ ಮಾಡಿ ತೆರೆದರು. ಚೆಂದವೇ, ಅಲ್ಲ ಅನ್ನಲ್ಲ. ಆದರೆ ಹತ್ತೋಕೆ ರೈಲೇ ಇಲ್ಲ! ಚಪ್ಪರ ಹಾಕಿ, ಗಂಡನ್ನೇ ಕರೆಯದ ಮದುವೆ.

ವುಡ್‌ವರ್ಡ್ ರಸ್ತೆಯ ಟ್ರಾಮನ್ನು 1956ರಲ್ಲಿ ನಿಲ್ಲಿಸಿದ್ದೂ ಇದೇ ಊರು, ಅಲ್ಲೇ ಮತ್ತೆ ಹಳಿ ಹಾಕಿ 2017ರಲ್ಲಿ ಟ್ರಾಮು ಓಡಿಸಿದ್ದೂ ಇದೇ ಊರು. ಅದೂ ರಸ್ತೆಯ ಅಂಚಿಗೆ, ಕಾರುಗಳ ಮಧ್ಯೆ. ಯಾವನೋ ಹಳಿ ಮೇಲೆ ಗಾಡಿ ನಿಲ್ಲಿಸಿ ಹೋದರೆ ಟ್ರಾಮೂ ಕೈಕಟ್ಟಿ ನಿಲ್ಲಬೇಕು. ಇನ್ನು 1987ರ ಪೀಪಲ್ ಮೂವರ್ ಅನ್ನೋ, ಕಂಬಗಳ ಮೇಲೆ ಓಡೋ ಪುಟ್ಟ ರೈಲು, ಪೇಟೆಯೊಳಗೇ ಗಿರಗಟ್ಟಲೆ. ದೂರದ ಬಡಾವಣೆಯವರಿಗೆ ಬಸ್ಸೇ ಗತಿ. ಟೇಪು ಕತ್ತರಿಸುವ ನಾಯಕರು ಒಮ್ಮೆ ಆ ಚಳಿಯಲ್ಲಿ ಬಸ್ಸಿಗೆ ಕಾದು ನೋಡಲಿ!