ಅರ್ಮೇನಿಯಾಕ್ಕೆ ಆರು ಜನ, ಒಂದು ಕೆಟಲ್

ಮೈಸೂರಿನಲ್ಲಿ ಫಾರಿನ್ ಟೂರ್ ಅಂದರೆ ಮೂರೇ ಥರ. ಮಗಳು ಅಮೆರಿಕದಲ್ಲಿದ್ದರೆ ಬಾಣಂತನಕ್ಕೆ ಹೋಗುವುದು. ಇಲ್ಲದಿದ್ದರೆ ಸಿಂಗಪುರ, ಥಾಯ್ಲೆಂಡ್. ಕೈಯಲ್ಲಿ ದುಡ್ಡು ಸ್ವಲ್ಪ ಜಾಸ್ತಿ ಓಡಾಡುತ್ತಿದ್ದರೆ ಹತ್ತು ದಿನದಲ್ಲಿ ಇಡೀ ಯುರೋಪ್. ಇದನ್ನು ಬಿಟ್ಟು ಬೇರೆ ಯಾವ ದೇಶದ ಹೆಸರು ಹೇಳಿದರೂ ಜನ ಮೊದಲು ಕೇಳುವುದು, "ಅಲ್ಲಿ ಯಾರಿದ್ದಾರೆ?" ಯಾರೂ ಇಲ್ಲ ಅಂದರೆ, "ಮತ್ಯಾಕೆ?"

ಇಂಥ ಪ್ರಶ್ನೆಗೆಲ್ಲ ಜಗ್ಗದವರು ನಮ್ಮ ಪಕ್ಕದ ಮನೆ ಮೇಡಂ. ಕಾಲೇಜಿನಲ್ಲಿ ಹಿಸ್ಟರಿ ಪಾಠ ಮಾಡಿ ರಿಟೈರ್ ಆದವರು. ಎಲ್ಲರೂ ಸೇರಿ ಎಲ್ಲಾದರೂ ಹೋಗೋಣ ಅಂತ ಮಾತು ಬಂದಾಗ ಅವರು ತಣ್ಣಗೆ "ಅರ್ಮೇನಿಯಾ" ಅಂದುಬಿಟ್ಟರು. ಟರ್ಕಿ, ಜಾರ್ಜಿಯಾ, ಅಜರ್‌ಬೈಜಾನ್, ಇರಾನ್ ನಡುವೆ ಸಮುದ್ರವಿಲ್ಲದೆ ಕೂತಿರುವ ಪುಟ್ಟ ದೇಶ. ಕರ್ನಾಟಕದ ಆರನೇ ಒಂದು ಭಾಗದಷ್ಟೂ ಇಲ್ಲ. ಜನ 30 ಲಕ್ಷದ ಆಸುಪಾಸು. 2011ರ ಜನಗಣತಿಯಲ್ಲಿ ನಮ್ಮ ಮೈಸೂರು ಜಿಲ್ಲೆಯೊಂದರಲ್ಲೇ ಅಷ್ಟು ಜನ ಇದ್ದರು. ಆದರೆ 301ರಲ್ಲೇ ಕ್ರೈಸ್ತ ಧರ್ಮವನ್ನು ರಾಜಧರ್ಮ ಮಾಡಿಕೊಂಡ ನಾಡು ಅದು. ಮೆಸ್ರೋಪ್ ಮಾಷ್ಟೋಟ್ಸ್ ಅನ್ನುವವರು 405ರ ಸುಮಾರಿಗೆ ರೂಪಿಸಿದ ಅಕ್ಷರಗಳಲ್ಲೇ ಈಗಲೂ ಅಂಗಡಿ ಬೋರ್ಡು ಬರೆಯುತ್ತಾರೆ. ಇದನ್ನೆಲ್ಲ ಮೇಡಂ ಒಂದೇ ಉಸಿರಿನಲ್ಲಿ ಹೇಳಿ, ಕೊನೆಗೆ ಒಂದು ಒಗ್ಗರಣೆಯನ್ನೂ ಹಾಕಿದರು. "ಅರ್ಮೇನಿಯನ್ ಭಾಷೆಯ ಮೊಟ್ಟಮೊದಲ ಪತ್ರಿಕೆ ಅಚ್ಚಾಗಿದ್ದು ಎಲ್ಲಿ ಗೊತ್ತಾ? ನಮ್ಮ ಮದರಾಸಿನಲ್ಲಿ, 1794ರಲ್ಲಿ. ಅಲ್ಲಿ ಇವತ್ತಿಗೂ ಅರ್ಮೇನಿಯನ್ ಸ್ಟ್ರೀಟ್ ಅಂತ ಬೀದಿ ಇದೆ."

"ಹಂಗಾದ್ರೆ ಮದರಾಸಿಗೇ ಹೋಗ್ಬರೋಣ. ಬೆಳಿಗ್ಗೆ ವಂದೇ ಭಾರತ್ ಹತ್ತಿದ್ರೆ ಆಯ್ತು," ಅಂದ ನಮ್ಮಣ್ಣ.

ಅಣ್ಣನ ಮಾತನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಲೆಕ್ಕಕ್ಕಿಡಬೇಕಿತ್ತೇನೋ. ಯಾಕೆಂದರೆ ಟೂರ್ ಕಂಪನಿಗಳು ಹೊಗಳುವ ಈ 'ಸಣ್ಣ ಗುಂಪು' ಅನ್ನುವುದಿದೆಯಲ್ಲ, ಅದರಷ್ಟು ತಲೆನೋವಿನ ವಸ್ತು ಇನ್ನೊಂದಿಲ್ಲ. ನಲವತ್ತು ಜನ ಬಸ್ಸಿನಲ್ಲಿ ಹೊರಟರೆ ಮ್ಯಾನೇಜರ್ ಶಿಳ್ಳೆ ಹೊಡೆದಾಗ ಹತ್ತಿ, ಶಿಳ್ಳೆ ಹೊಡೆದಾಗ ಇಳಿದರೆ ಮುಗಿಯಿತು. ಆರೇ ಜನ ಇದ್ದರೆ ಆರೂ ಜನ ಮ್ಯಾನೇಜರುಗಳು. ನಾನು, ನಮ್ಮನೆಯವರು, ಅಣ್ಣ, ಅತ್ತಿಗೆ, ಮೇಡಂ, ಅವರ ಯಜಮಾನರು. ಆರು ಶಿಳ್ಳೆ.

ಟಿಕೆಟ್ ರೇಟು ನೋಡುವ ಕೆಲಸ ಅಣ್ಣನದು. ಅವತ್ತೇ ರಾತ್ರಿ ವಾಟ್ಸಾಪ್‌ನಲ್ಲಿ ಫೋಟೋ ಹಾಕಿದ. ಮೂರು ಕಡೆ ವಿಮಾನ ಬದಲಿಸಬೇಕು, ಎರಡು ದಿನದ ಪ್ರಯಾಣ, ಒಬ್ಬೊಬ್ಬರಿಗೆ ಲಕ್ಷಗಟ್ಟಲೆ. ಇರಾನ್ ಪಕ್ಕದ ದೇಶಕ್ಕೆ ಯಾಕಪ್ಪ ಇಷ್ಟು ಅಂತ ನಾವು ತಲೆ ಕೆರೆದುಕೊಂಡೆವು. ಮೇಡಂ ಮಾತ್ರ ಕನ್ನಡಕ ಹಾಕಿಕೊಂಡು, ಫೋಟೋ ದೊಡ್ಡದು ಮಾಡಿ ನೋಡಿ, "ಇದು ಕೊಲಂಬಿಯಾ ಕಣಪ್ಪಾ, ದಕ್ಷಿಣ ಅಮೆರಿಕ" ಅಂದರು. ನಿಜವಾಗಿಯೂ ಕೊಲಂಬಿಯಾದಲ್ಲಿ ಅರ್ಮೇನಿಯಾ ಅನ್ನುವ ಊರಿದೆ. ವಿಮಾನ ನಿಲ್ದಾಣವೂ ಇದೆ. ನಾವು ಟೈಪ್ ಮಾಡಬೇಕಾಗಿದ್ದು ದೇಶದ ಹೆಸರನ್ನಲ್ಲ, ಯೆರೆವಾನ್ ಅಂತ ರಾಜಧಾನಿಯ ಹೆಸರನ್ನು. ಅಷ್ಟರಲ್ಲಿ ನಮ್ಮನೆಯವರು ಆ ಕೊಲಂಬಿಯಾದ ಊರಿನ ಸುತ್ತಮುತ್ತ ಬರೀ ಕಾಫಿ ತೋಟ ಅನ್ನುವುದನ್ನು ಓದಿಬಿಟ್ಟಿದ್ದರು. "ಈ ಅರ್ಮೇನಿಯಾನೇ ವಾಸಿ ಅಲ್ವಾ?" ಅಂತ ಅವರು ವಾರವಿಡೀ ಗೊಣಗಿದರು.

ದೇಶ ಯಾವುದು ಅಂತ ಗೊತ್ತಾಯಿತು. ಇನ್ನು ತಿಂಗಳು. ಚಳಿಗಾಲದಲ್ಲಿ ಅಲ್ಲಿ ಹಿಮ. ಸೆಪ್ಟೆಂಬರ್, ಅಕ್ಟೋಬರ್ ಚೆನ್ನಾಗಿರುತ್ತದಂತೆ. ಆದರೆ ಆಗ ನಮ್ಮಲ್ಲಿ ಗೌರಿ ಗಣೇಶ, ಅದರ ಹಿಂದೆ ಪಿತೃಪಕ್ಷ, ಅದರ ಹಿಂದೆ ದಸರಾ. ದಸರಾ ಹೊತ್ತಿನಲ್ಲಿ ಮೈಸೂರಿನವರು ಊರು ಬಿಟ್ಟರೆ ಜಂಬೂಸವಾರಿ ನೋಡಲು ಬರುವ ನೆಂಟರು ಎಲ್ಲಿ ಮಲಗಬೇಕು? ವರ್ಷವಿಡೀ ಫೋನ್ ಮಾಡದವರೂ ಸೆಪ್ಟೆಂಬರ್‌ನಲ್ಲಿ "ಹೇಗಿದೀರಾ?" ಅಂತ ಕೇಳುತ್ತಾರೆ. ಜುಲೈನಲ್ಲಿ ಹೋದರೆ ವರ್ದವಾರ್ ಹಬ್ಬ ಸಿಗಬಹುದು ಅಂದರು ಮೇಡಂ. ಈಸ್ಟರ್ ಆಗಿ 98 ದಿನಕ್ಕೆ ಬರುತ್ತದೆ. ಅವತ್ತು ಬೀದಿಯಲ್ಲಿ ಹೋಗುವ ಯಾರ ಮೇಲೆ ಬೇಕಾದರೂ ಬಕೆಟ್‌ಗಟ್ಟಲೆ ನೀರು ಸುರಿಯಬಹುದು, ಯಾರೂ ಬೇಜಾರು ಮಾಡಿಕೊಳ್ಳುವಂತಿಲ್ಲ. ತಲೆಗೆ ಸ್ನಾನ ಮಾಡಿದರೆ ಎರಡು ದಿನ ಸೀನುವ ನಮ್ಮನೆಯವರು ಇದನ್ನು ಕೇಳಿ ಕ್ಯಾಲೆಂಡರ್‌ನಲ್ಲಿ ಜುಲೈ ಹಾಳೆಯನ್ನೇ ಮಡಚಿಟ್ಟರು. ಕೊನೆಗೆ ಮಾವಿನ ಹಣ್ಣು ಮುಗಿದ ಮೇಲೆ, ಆಷಾಢ ಶುರುವಾಗುವ ಮೊದಲು, ಜೂನ್ ನಡುವೆ ಅಂತ ತೀರ್ಮಾನವಾಯಿತು. ಅಲ್ಲಿ ಏಪ್ರಿಕಾಟ್ ಹಣ್ಣಾಗುವ ಕಾಲವೂ ಅದೇ.

ಆಮೇಲೆ ಬಂತು ನೋಡಿ, ಸರ್‌ನೇಮ್ ಅನ್ನುವ ಪೀಡೆ. ನಮ್ಮ ಕಡೆಯವರಿಗೆ ಎಲ್ಲಿಯ ಸರ್‌ನೇಮು? ಊರಿನ ಹೆಸರು, ಅಪ್ಪನ ಹೆಸರು ಇನಿಶಿಯಲ್ ಆಗಿ ಮುಂದೆ ಕೂತಿರುತ್ತವೆ, ಅಷ್ಟೇ. ನಮ್ಮನೆಯವರ ಇನಿಶಿಯಲ್ ಟಿ.ಎನ್. ಅದನ್ನು ಬಿಡಿಸಿ ಬರೆಯಲೇಬೇಕು ಅಂದಿದ್ದಕ್ಕೆ ಪಾಸ್‌ಪೋರ್ಟ್‌ನಲ್ಲಿ ತಿರುಮಕೂಡಲು ನರಸೀಪುರ ಅಂತ ಪೂರ್ತಿ ಊರೇ ಸರ್‌ನೇಮ್ ಜಾಗದಲ್ಲಿ ಬಂದು ಕೂತಿದೆ. ಟಿಕೆಟ್ ವೆಬ್‌ಸೈಟ್‌ನ ಡಬ್ಬಿಯಲ್ಲಿ ಅದು ಹಿಡಿಸಲಿಲ್ಲ. ಅತ್ತಿಗೆಯದು ಇದಕ್ಕೆ ಉಲ್ಟಾ. ಅವರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಖಾಲಿ ಬಿಟ್ಟರೆ ವೆಬ್‌ಸೈಟ್ ಕೆಂಪಗಾಗುತ್ತದೆ. ಒಂದು ಕಡೆ ಹೆಸರನ್ನೇ ಎರಡು ಸಲ ಹಾಕಿ ಅಂತ ಸೂಚನೆ, ಇನ್ನೊಂದು ಕಡೆ ಒಂದು ಚುಕ್ಕಿ ಇಡಿ ಅಂತ. "ಹುಟ್ಟಿದಾಗಿಂದ ಒಂದೇ ಹೆಸರಲ್ಲಿ ಚೆನ್ನಾಗೇ ಇದ್ದೆನಲ್ಲೇ," ಅಂತ ಅತ್ತಿಗೆ ನನ್ನ ಹತ್ತಿರ ಅಲವತ್ತುಕೊಂಡರು. ಮರುದಿನ ನಮ್ಮನೆಯವರಿಗೆ 'ಡಿಯರ್ ಮಿಸ್ಟರ್ ನರಸೀಪುರ' ಅಂತ ಮೇಲ್ ಬಂತು. ಅರ್ಮೇನಿಯಾದವರ ಮನೆತನದ ಹೆಸರುಗಳೆಲ್ಲ ಹೆಚ್ಚುಕಮ್ಮಿ 'ಯಾನ್' ಅಂತಲೇ ಮುಗಿಯುತ್ತವೆ. ಮೇಡಂ ಯಜಮಾನರು ಅದನ್ನು ನೆನಪಿಸಿ, "ನರಸೀಪುರ್ಯಾನ್ ಅಂತ ಮಾಡ್ಕೊಂಡ್ಬಿಡಿ ಸಾರ್, ಇಮಿಗ್ರೇಷನ್‌ನಲ್ಲಿ ಏನೂ ಕೇಳದೆ ಒಳಗೆ ಬಿಡ್ತಾರೆ" ಅಂದರು.

ಈ ಯಜಮಾನರ ಬಗ್ಗೆ ಒಂದು ಮಾತು. ರೈಲ್ವೆಯಿಂದ ರಿಟೈರ್ ಆದವರು. ಚದುರಂಗದ ಹುಚ್ಚು. ಅರ್ಮೇನಿಯಾದಲ್ಲಿ 2011ರಿಂದ ಪ್ರೈಮರಿ ಮಕ್ಕಳಿಗೆ ಚೆಸ್ ಕಡ್ಡಾಯದ ಪಾಠ ಅಂತ ಗೊತ್ತಾದ ದಿನದಿಂದ ಅವರು ಹೆಂಡತಿಗಿಂತ ಜೋರಾಗಿ ಅರ್ಮೇನಿಯಾ ಪರ. 1963ರಿಂದ 1969ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಟಿಗ್ರಾನ್ ಪೆಟ್ರೋಸಿಯನ್ ಅರ್ಮೇನಿಯನ್. ಅವರ ಹೆಸರಿನ ಚೆಸ್ ಭವನ ಯೆರೆವಾನ್‌ನಲ್ಲಿದೆ. ಅಲ್ಲಿ ಒಂದು ಆಟ ಆಡಿಯೇ ಬರುವುದು ಅಂತ ಇವರ ಹಟ. ಹೋಗುವ ಮುಂಚೆ ಕೈ ಪಳಗಲಿ ಅಂತ ನಮ್ಮ ಬೀದಿಯ ನಾಲ್ಕನೇ ಕ್ಲಾಸ್ ಹುಡುಗನನ್ನು ಕರೆದು ಕೂರಿಸಿಕೊಂಡರು. ಹುಡುಗ ಒಂದು ಕೈಯಲ್ಲಿ ಕೋಡುಬಳೆ ಹಿಡಿದುಕೊಂಡೇ ಚೆಕ್‌ಮೇಟ್ ಮಾಡಿ, "ತಾತ, ಇನ್ನೊಂದು ಕೋಡುಬಳೆ ಇದ್ಯಾ?" ಅಂತ ಕೇಳಿದ. ಅಲ್ಲಿಂದಾಚೆಗೆ ಚೆಸ್ ಭವನವನ್ನು ಹೊರಗಿನಿಂದ ನೋಡಿದರೂ ಸಾಕು ಅನ್ನುತ್ತಿದ್ದಾರೆ.

ಏನೇನು ನೋಡಬೇಕು ಅನ್ನುವ ಪಟ್ಟಿಯೂ ಸುಲಭದಲ್ಲಿ ಮುಗಿಯಲಿಲ್ಲ. ಬಂಡೆ ಕೊರೆದು ಕಟ್ಟಿದ ಗೆಘಾರ್ಡ್ ಮಠ, ಕಂಬಗಳ ಗಾರ್ನಿ ದೇವಸ್ಥಾನ, ಸೆವಾನ್ ಸರೋವರ, ಇವುಗಳಿಗೆ ಯಾರ ತಕರಾರೂ ಇರಲಿಲ್ಲ. ತಕರಾರು ಬಂದಿದ್ದು ತತೆವ್ ಮಠಕ್ಕೆ. ಅಲ್ಲಿಗೆ ಕಣಿವೆಯ ಮೇಲೆ 5.7 ಕಿಲೋಮೀಟರ್ ಉದ್ದದ ರೋಪ್‌ವೇ ಇದೆ, 2010ರಲ್ಲಿ ಶುರುವಾಗಿದ್ದು. ನಮ್ಮತ್ತಿಗೆ ಚಾಮುಂಡಿ ಬೆಟ್ಟಕ್ಕೆ ರೋಪ್‌ವೇ ಬೇಡವೇ ಬೇಡ ಅಂತ ಮನೆಮನೆಗೆ ಹೋಗಿ ಸಹಿ ಹಾಕಿಸಿದವರು. ಅಂಥವರು ಮೆಲ್ಲಗೆ, "ಅಲ್ಲಿ ಹತ್ತಿದ್ರೆ ತಪ್ಪಿಲ್ಲ ಅಲ್ವಾ? ಅದು ಅವರ ಬೆಟ್ಟ" ಅಂದರು. ಅಣ್ಣನಿಗೆ ಒಂದು ತಿಂಗಳಿಗೆ ಸಾಕಾಗುವಷ್ಟು ನಗು ಸಿಕ್ಕಿತು.

ಅರಾರತ್ ಬೆಟ್ಟದ ಕಥೆ ಇನ್ನೊಂದು. 5,137 ಮೀಟರ್ ಎತ್ತರ. ಅರ್ಮೇನಿಯಾದ ರಾಷ್ಟ್ರಲಾಂಛನದಲ್ಲೇ ಇರುವ ಬೆಟ್ಟ. ಯೆರೆವಾನ್‌ನ ಮನೆ ಮಹಡಿಗಳಿಂದ ಕಣ್ತುಂಬ ಕಾಣುತ್ತದೆ. ಆದರೆ ಬೆಟ್ಟ ಇರುವುದು ಟರ್ಕಿಯಲ್ಲಿ. ಎರಡು ದೇಶದ ನಡುವಿನ ಗಡಿ ಮುಚ್ಚಿ ಎಷ್ಟೋ ವರ್ಷ ಆಯಿತು. ಬೆಳಿಗ್ಗೆ ಎದ್ದು ತಾರಸಿಯಲ್ಲಿ ನಿಂತು ಚಾಮುಂಡಿ ಬೆಟ್ಟಕ್ಕೆ ಕೈ ಮುಗಿಯುತ್ತೀರಿ, ಆದರೆ ಮೆಟ್ಟಿಲು ಹತ್ತಲು ಇನ್ನೊಂದು ದೇಶದ ವೀಸಾ ಬೇಕು ಅಂದರೆ ಹೇಗಿರುತ್ತದೆ, ಹಾಗೆ. ನಮ್ಮನೆಯವರಿಗೆ ಇದು ಬಹಳ ಹಿಡಿಸಿತು. "ಮಂಡಿ ನೋವಿನವರಿಗೆ ಹೇಳಿ ಮಾಡಿಸಿದ ದೇಶ. ಬೆಟ್ಟ ನೋಡಬಹುದು, ಹತ್ತು ಅಂತ ಯಾರೂ ಹೇಳೋ ಹಾಗಿಲ್ಲ."

ಇನ್ನು ಊಟ. ಅಲ್ಲಿ ಕೆಂಡದ ಮೇಲೆ ಮಾಂಸ ಸುಡುವುದೇ ಹಬ್ಬ. ನಾವು ಆರೂ ಜನ ಸಸ್ಯಾಹಾರಿಗಳು. ಅತ್ತಿಗೆ ಒಂದು ಎಲೆಕ್ಟ್ರಿಕ್ ಕೆಟಲ್ ತಂದರು. ಹೋಟೆಲ್ ರೂಮಿನಲ್ಲಿ ಅದರಲ್ಲೇ ಅನ್ನ ಮಾಡುವುದು, ಪುಳಿಯೋಗರೆ ಗೊಜ್ಜು ಕಲಸುವುದು, ಇದು ಪ್ಲಾನು. ಅದಕ್ಕೆ ಮೊದಲು ಒಂದು ರಿಹರ್ಸಲ್ ಬೇಕಂತೆ. ಅಡುಗೆಮನೆಯಲ್ಲಿ ಮಾಡಿದರೆ ರಿಹರ್ಸಲ್ ಹೇಗಾಗುತ್ತದೆ, ರೂಮೇ ಬೇಕು ಅಂತ ನಮ್ಮ ಮನೆಯ ಹಿಂದಿನ ಬೆಡ್‌ರೂಮ್ ಸೇರಿಕೊಂಡೆವು. ಬಾಗಿಲು ಹಾಕಿಕೊಂಡೆವು. ಅಣ್ಣ ಹೋಟೆಲ್‌ನವನ ಪಾತ್ರ ವಹಿಸಿ ಹೊರಗೆ ನಿಂತ.

ಕೆಟಲ್ ಇರುವುದು ನೀರು ಕಾಯಿಸಲಿಕ್ಕೆ. ಕುದಿ ಬಂದ ತಕ್ಷಣ ತಾನೇ ಆಫ್ ಆಗುತ್ತದೆ. ಅನ್ನ ಬೇಯುವುದು ಅದಾದ ಮೇಲೆ. ಹಾಗಾಗಿ ಅತ್ತಿಗೆ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು ಹೆಬ್ಬೆರಳಿನಿಂದ ಸ್ವಿಚ್ ಅದುಮಿ ಹಿಡಿದರು. ಸೋನಾ ಮಸೂರಿ ಗಂಜಿ ಮೊದಲು ಮುಚ್ಚಳ ಎತ್ತಿತು. ಆಮೇಲೆ ಮೂತಿಯಿಂದ ಗುಳುಗುಳು ಅಂತ ಬಿಳಿ ನೊರೆ ಇಳಿಯತೊಡಗಿತು. ಅದೇ ಹೊತ್ತಿಗೆ ಅಣ್ಣ ಬಾಗಿಲು ಬಡಿದು, "ಮೇಡಂ, ರೂಮ್ ಸರ್ವಿಸ್!" ಅಂದ. ಅತ್ತಿಗೆ ಗಾಬರಿಯಲ್ಲಿ ಕೆಟಲ್ ಮೇಲೆ ಹೊದಿಕೆ ಎಳೆದರು. ನೊರೆ ಕೆಳಗಿನ ಪ್ಲೇಟಿಗೆ ಇಳಿಯಿತು. ಟಪ್ ಅಂತ ಟ್ರಿಪ್ ಆಗಿ ಇಡೀ ಮನೆ ಕತ್ತಲು. ಬಚ್ಚಲಿನಿಂದ ನಮ್ಮನೆಯವರ ಕೂಗು. ಮೈಗೆಲ್ಲ ಸೋಪು ಹಚ್ಚಿಕೊಂಡಿದ್ದರು, ಗೀಸರ್ ಆರಿತ್ತು.

ಅನ್ನ ಮೇಲೆ ಅಕ್ಕಿ, ಕೆಳಗೆ ಅಂಟು ಆಗಿತ್ತು. ಮೇಡಂ ಬಂದು ನೋಡಿ ಸಮಾಧಾನ ಹೇಳಿದರು. ಅಲ್ಲಿನ ಚರ್ಚಿನವರಿಗೆ ಉಪವಾಸದ ದಿನಗಳು ಬಹಳ. ಆಗ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ ಅಡುಗೆ ಮಾಡುತ್ತಾರೆ. ಪಸುತ್ಸ್ ತೋಲ್ಮಾ ಅಂತ ಒಂದಿದೆ. ಕೋಸಿನ ಎಲೆಯಲ್ಲಿ ಕಡಲೆ, ಬೀನ್ಸ್ ಕಾಳು, ಮಸೂರ್ ಬೇಳೆ ತುಂಬಿ ಸುತ್ತಿ ಬೇಯಿಸುವುದು. ಜೊತೆಗೆ ಲವಾಶ್ ಅನ್ನುವ ತೆಳ್ಳನೆ ರೊಟ್ಟಿ. ಒಣಗಿಸಿಟ್ಟು ತಿಂಗಳುಗಟ್ಟಲೆ ಆದ ಮೇಲೂ ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಂಡು ತಿನ್ನುತ್ತಾರೆ. ಮದುವೆಯಲ್ಲಿ ಅದನ್ನು ಗಂಡು ಹೆಣ್ಣಿನ ಹೆಗಲ ಮೇಲೆ ಹಾಕಿ ಹರಸುತ್ತಾರೆ. ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡು, "ಖಾರ ಹಾಕ್ತಾರಾ?" ಅಂದರು. ಹಾಕುವುದಿಲ್ಲ ಅಂತ ತಿಳಿದ ಮೇಲೆ ಚಟ್ನಿಪುಡಿ ಎರಡು ಕೆಜಿಗೆ ಏರಿತು.

ಬ್ಯಾಗು ತೂಗಲು ಮನೆಯಲ್ಲಿ ಏನೂ ಇರಲಿಲ್ಲ. ಬೀದಿಯಲ್ಲಿ ಬಂದ ಹಳೇ ಪೇಪರ್‌ನವನನ್ನು ಕರೆದು ಅವನ ಕೊಕ್ಕೆ ತಕ್ಕಡಿಗೆ ಸೂಟ್‌ಕೇಸ್ ಸಿಕ್ಕಿಸಿದೆವು. ಅವನು ಮುಳ್ಳು ನೋಡಿ, "28 ಕೆಜಿ ಅಮ್ಮಾ. ಒಳಗಿರೋದು ಪೇಪರ್ರಾ, ಕಬ್ಬಿಣಾನಾ?" ಅಂದ. ಏನು ತೆಗೆಯುವುದು ಅಂತ ಗಲಾಟೆ ಶುರುವಾಯಿತು. ಆಗ ಮೇಡಂ, ಯೆರೆವಾನ್‌ನ ಮತೆನಾದರಾನ್ ಬಗ್ಗೆ ಹೇಳಿದರು. 17 ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳಿರುವ ಸಂಗ್ರಹ ಅದು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕಿ, ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಊರಿನವರು ನಾವು, ಹಸ್ತಪ್ರತಿ ಅಂದರೆ ಆಕಳಿಸುವಂತಿಲ್ಲ. ಅಲ್ಲಿ ಚರ್ಮದ ಹಾಳೆಯ ದೊಡ್ಡ ಪುಸ್ತಕವೊಂದಿದೆ, ಹದಿಮೂರನೇ ಶತಮಾನದ ಶುರುವಿನದು. ತೂಕ ಸುಮಾರು 28 ಕೆಜಿ. 1915ರಲ್ಲಿ ಒಟ್ಟೋಮನ್ ತುರ್ಕರು ಅರ್ಮೇನಿಯನ್ನರ ಮೇಲೆ ನಡೆಸಿದ ನರಮೇಧದಲ್ಲಿ ಜೀವ ಉಳಿಸಿಕೊಂಡು ಓಡುತ್ತಿದ್ದ ಇಬ್ಬರು ಹೆಂಗಸರ ಕಣ್ಣಿಗೆ ಅದು ಬಿತ್ತು. ಒಬ್ಬರಿಂದ ಹೊರಲಾಗದು. ಎರಡು ಭಾಗ ಮಾಡಿ ಹೊತ್ತರು. ಒಬ್ಬಳು ತನ್ನ ಅರ್ಧವನ್ನು ಅರ್ಮೇನಿಯನ್ ಚರ್ಚಿನ ಮುಖ್ಯಪೀಠ ಎಚ್ಮಿಯಾಡ್ಜಿನ್‌ಗೆ ಮುಟ್ಟಿಸಿದಳು. ಇನ್ನೊಬ್ಬಳು ದಾರಿಯಲ್ಲೇ ಸತ್ತಳು, ಸಾಯುವ ಮುಂಚೆ ತನ್ನ ಅರ್ಧವನ್ನು ಈಗಿನ ಟರ್ಕಿಯ ಎರ್ಜುರುಮ್‌ನಲ್ಲಿ ಮಣ್ಣಿನಲ್ಲಿ ಹೂತಿಟ್ಟಿದ್ದಳು. ಆಮೇಲೆ ಅದೂ ಸಿಕ್ಕಿತು. ಈಗ ಎರಡೂ ಒಟ್ಟಿಗಿವೆ.

ಯಾರೂ ಮಾತಾಡಲಿಲ್ಲ. ಪೇಪರ್‌ನವನೂ ತಕ್ಕಡಿ ಹಿಡಿದುಕೊಂಡು ನಿಂತೇ ಇದ್ದ. ಕೊನೆಗೆ ಅಣ್ಣ, "ಹಂಗಾದ್ರೆ ಉಪ್ಪಿನಕಾಯಿನೂ ಎರಡು ಬ್ಯಾಗಿಗೆ ಹಂಚಿಬಿಡೋಣ" ಅಂದ. ಮೇಡಂ ಅವನನ್ನು ನೋಡಿದ ನೋಟದಲ್ಲಿ ಮೂವತ್ತು ವರ್ಷದ ಸರ್ವೀಸ್ ಇತ್ತು. ಆದರೆ ಹಂಚಿದ್ದು ಹಾಗೆಯೇ.

ಟಿಕೆಟ್ ಆಯಿತು, ಆನ್‌ಲೈನ್‌ನಲ್ಲಿ ವೀಸಾಗೆ ಅರ್ಜಿ ಹಾಕಿದ್ದೂ ಆಯಿತು, ಇಬ್ಬರಿಗೊಂದರ ಹಾಗೆ ಮೂರು ರೂಮು ಹೇಳಿದ್ದೂ ಆಯಿತು. ಆಗ ಮಂಡ್ಯದಿಂದ ದೊಡ್ಡಮ್ಮನ ಫೋನ್.

"ಏನವ್ವಾ, ಎಲ್ಲೋ ಹೊಂಟಿದೀರಂತೆ? ನಂಗೊಂದ್ ಮಾತ್ ಹೇಳ್ಬಾರ್ದಾ? ಪಾಸ್‌ಪೋರ್ಟ್ ಮಾಡ್ಸಿ ಬೀರೂಲಿ ಮಡಗಿವ್ನಿ, ಒಂದ್ ಸೀಲೂ ಬಿದ್ದಿಲ್ಲ."

ರೂಮು ಇಲ್ಲ ದೊಡ್ಡಮ್ಮ ಅಂದೆ. "ರೂಮ್ ಯಾಕೆ? ನಿಮ್ ರೂಮ್‌ನಲ್ಲೇ ಚಾಪೆ ಹಾಸ್ಕೊಂಡು ಮಲೀಕತೀನಿ. ಹಿಟ್ಟು ನಾನೇ ತತ್ತೀನಿ, ರಾಗಿ ಹಿಟ್ಟು. ಅದೇನೋ ಕೆಟಲ್ ತಂದಿದೀರಂತಲ್ಲ, ಅದ್ರಲ್ಲಿ ಮುದ್ದೆ ತಿರುವಾಕಾಯ್ತದಾ? ಒಂದ್ ಕಿತ ಮಾಡಿ ನೋಡಿ, ಫೋನ್ ಹಂಗೇ ಇಟ್ಕೊಂಡಿರ್ತೀನಿ."

ಸ್ಪೀಕರ್‌ನಲ್ಲಿ ಇದನ್ನು ಕೇಳಿಸಿಕೊಂಡ ನಮ್ಮನೆಯವರು ಟವೆಲ್ ಹೆಗಲಿಗೆ ಹಾಕಿಕೊಂಡು, "ತಡಿ, ಮೊದಲು ನನ್ನ ಸ್ನಾನ ಆಗಿಬಿಡಲಿ" ಅಂತ ಬಚ್ಚಲಿಗೆ ಓಡಿದರು.